ಶಹಾಬಾದ್ ಕಲ್ಲಿನ ರಾಡಿಯಿಂದ ನ್ಯಾನೊ ಕಾಂಪೊಸಿಟ್ ತಯಾರಿಸಬಹುದೆ?

ಪ್ರಶ್ನೆ (ಶಹಾಬಾದ್): ಎಲ್ಲರಿಗೂ ನಮಸ್ಕಾರ. ನಮ್ಮದು ಪರ್ಸಿ ಕಲ್ಲಿಗೆ (ನೆಲಕ್ಕೆ ಹಾಸುವ ಶಹಾಬಾದ್ ಸುಣ್ಣಕಲ್ಲು) ಪಾಲಿಶ್ ಹಾಕುವ ಸಣ್ಣ ಘಟಕ. ಯಂತ್ರದಡಿ ಹರಿದುಬರುವ ಬೂದು ಬಣ್ಣದ ರಾಡಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗುತ್ತದೆ. ಅದನ್ನು ಬಾಲ್ ಮಿಲ್ಲಿನಲ್ಲಿ (ಗುಂಡುಗಳು ಉರುಳಿ ಅರೆಯುವ ಯಂತ್ರ) ಇನ್ನಷ್ಟು ಅರೆದು, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿಗೆ ಬೆರೆಸಿ ನ್ಯಾನೊ ಕಾಂಪೊಸಿಟ್ (ಅತಿ ಸೂಕ್ಷ್ಮ ಕಣ ಬೆರೆತ ಪ್ಲಾಸ್ಟಿಕ್) ಮಾಡಲು ಸಾಧ್ಯವೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಕಲಬುರಗಿ): ಬೆರಳಿಗೆ ನುಣ್ಣಗೆನಿಸುವ ಪುಡಿಯ ಕಣವೂ ಹಲವು ಮೈಕ್ರಾನ್ ದಪ್ಪವಿರುತ್ತದೆ (ಒಂದು ಮೈಕ್ರಾನ್ ಅಂದರೆ 1000 ನ್ಯಾನೊಮೀಟರ್). ನ್ಯಾನೊ ಎನ್ನಬೇಕಾದರೆ ಉದ್ದ, ಅಗಲ, ದಪ್ಪಗಳಲ್ಲಿ ಒಂದಾದರೂ 100 ನ್ಯಾನೊಮೀಟರಿಗಿಂತ ಕಡಿಮೆ ಇರಬೇಕು. ಅರೆಯುತ್ತ ಹೋದಂತೆ ಒಂದು ಹಂತದ ನಂತರ ಕಣಗಳು ಒಡೆಯುವುದಕ್ಕಿಂತ ಒಂದಕ್ಕೊಂದು ಅಂಟಿಕೊಳ್ಳುವುದೇ ಹೆಚ್ಚಾಗುತ್ತದೆ. ಮಿಲ್ಲಿನ ಗುಂಡುಗಳು ಸವೆದ ಚೂರೂ ಪುಡಿಗೆ ಸೇರುತ್ತದೆ. ಆದ್ದರಿಂದ ಕಾರ್ಖಾನೆಗಳು ಬೇರೆ ದಾರಿ ಹಿಡಿಯುತ್ತವೆ: ಶುದ್ಧ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಆ ಸುಣ್ಣದ ಹಾಲಿನೊಳಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣಕಲ್ಲಿನ ಮುಖ್ಯ ಅಂಶ) ಹೊಸದಾಗಿ ಕಣಕಟ್ಟುತ್ತದೆ. ತಾಪಮಾನ, ಸುಣ್ಣದ ಸಾಂದ್ರತೆ, ಅನಿಲದ ವೇಗ ಇವು ಹತೋಟಿಯಲ್ಲಿದ್ದರೆ ಮಾತ್ರ ಕಣ ಚಿಕ್ಕದಾಗಿ ಉಳಿಯುತ್ತದೆ. ನಿಮ್ಮ ರಾಡಿಯಲ್ಲಿ ಸಿಲಿಕಾ (ಮರಳಿನ ಅಂಶ), ಜೇಡಿಯ ಜೊತೆಗೆ ಪಾಲಿಶ್ ಬಟ್ಟಿಯ (ಉಜ್ಜುವ ಕಲ್ಲು) ಪುಡಿಯೂ ಇರುವುದರಿಂದ ಅದು ಈ ಕೆಲಸಕ್ಕೆ ಒಗ್ಗದು.

ಉತ್ತರ 2 (ಹುಮನಾಬಾದ್, ಪ್ಲಾಸ್ಟಿಕ್ಕಿಗೆ ಪುಡಿ ಬೆರೆಸುವ ಕಂಪೌಂಡಿಂಗ್ ಕೆಲಸ): ಮೇಲಿನ ಮಾತು ಸರಿ. ಆದರೆ ನ್ಯಾನೊ ಪುಡಿ ಕೈಗೆ ಬಂದ ಮೇಲೆಯೇ ನಿಜವಾದ ತೊಡಕು ಶುರುವಾಗುತ್ತದೆ. 5 ಮೈಕ್ರಾನಿನ ಪುಡಿಗೆ ಹೋಲಿಸಿದರೆ 50 ನ್ಯಾನೊಮೀಟರಿನ ಪುಡಿಯ ಮೇಲ್ಮೈ ಅಷ್ಟೇ ತೂಕಕ್ಕೆ ನೂರು ಪಟ್ಟು ದೊಡ್ಡದು, ಗ್ರಾಮಿಗೆ ಸುಮಾರು 44 ಚದರ ಮೀಟರ್. ಅಷ್ಟು ಮೇಲ್ಮೈ ಇದ್ದಾಗ ಕಣಗಳು ಗಂಟುಕಟ್ಟದೆ ಬಿಡುವುದಿಲ್ಲ. ಅದಕ್ಕಾಗಿ ಮೊದಲೇ ಸ್ಟಿಯರಿಕ್ ಆಮ್ಲದ (ಮೇಣದಂಥ ಕೊಬ್ಬಿನ ಆಮ್ಲ) ಲೇಪ ಕೊಟ್ಟು, ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಜೋಡಿ ಸ್ಕ್ರೂ ಎಕ್ಸ್‌ಟ್ರೂಡರಿನಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೆರೆಸುತ್ತೇವೆ. ಹಗುರ ಪುಡಿ ಹಾಪರಿನಲ್ಲಿ (ಯಂತ್ರಕ್ಕೆ ಪುಡಿ ಸುರಿಯುವ ಬಾಯಿ) ಕಮಾನು ಕಟ್ಟಿ ನಿಂತುಬಿಡುತ್ತದೆ, ಅದೊಂದು ಬೇರೆಯೇ ತಲೆನೋವು. ಮಾಲಿನ ಚೂರನ್ನು ತೆಳ್ಳಗೆ ಒತ್ತಿ ಬೆಳಕಿಗೆ ಹಿಡಿದಾಗ ಬಿಳಿ ಚುಕ್ಕಿಗಳು ಕಂಡರೆ ಗಂಟು ಉಳಿದಿದೆ ಎಂದೇ ಅರ್ಥ. ಪೆಟ್ಟು ಬಿದ್ದಾಗ ಬಿರುಕು ಅಲ್ಲಿಂದಲೇ ಏಳುತ್ತದೆ. ಸುಟ್ಟು ಬೂದಿ ತೂಗಿದರೆ ಪುಡಿ ಎಷ್ಟು ಸೇರಿದೆ ಎಂಬುದು ತಿಳಿದೀತು, ಹೇಗೆ ಹರಡಿದೆ ಎಂಬುದು ತಿಳಿಯದು.

ಪ್ರಶ್ನಿಸಿದವರು: ಧನ್ಯವಾದಗಳು ಸರ್. ಹಾಗಾದರೆ ನ್ಯಾನೊ ಆಸೆ ಬಿಟ್ಟು, ಸಾಮಾನ್ಯ ಫಿಲ್ಲರ್ (ಪ್ಲಾಸ್ಟಿಕ್ಕಿಗೆ ತುಂಬುವ ಪುಡಿ) ಆಗಿ ಬಳಸಬಹುದೆ?

ಉತ್ತರ 2: ಬೂದು ಅಥವಾ ಕಪ್ಪು ಬಣ್ಣದ ಮಾಲಿಗಾದರೆ ಪ್ರಯತ್ನಿಸಬಹುದು. ಮೊದಲು ಸ್ವಲ್ಪ ಪುಡಿಯನ್ನು ತೂಗಿ, ತೆಳುವಾದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಕರಗದೆ ಉಳಿದದ್ದನ್ನು ಸೋಸಿ ಒಣಗಿಸಿ ಮತ್ತೆ ತೂಗಿರಿ. ಆ ಉಳಿಕೆಯಲ್ಲಿ ಸಿಲಿಕಾ ಹೆಚ್ಚಿದ್ದರೆ ಯಂತ್ರದ ಸ್ಕ್ರೂ ಮತ್ತು ಬ್ಯಾರಲ್ (ಸ್ಕ್ರೂ ತಿರುಗುವ ಕೊಳವೆ) ಬೇಗ ಸವೆಯುತ್ತವೆ, ಯಾವ ಕಂಪೌಂಡರೂ ಅಂಥ ಪುಡಿಯನ್ನು ಎರಡನೆಯ ಸಲ ಕೊಳ್ಳುವುದಿಲ್ಲ.