ಟಗರು, ಗೂಳಿ, ಹುಲಿ: ಯಾವಾಗ ಹೊಗಳಿಕೆ, ಯಾವಾಗ ಬೈಗುಳ?

ಗೆಳೆಯರೇ,

ಜಗಳಕ್ಕೆ ನಿಲ್ಲುವವರನ್ನು, ಮೇಲೆ ಬಿದ್ದು ಹೋಗುವವರನ್ನು ನಾವು ಪ್ರಾಣಿಗಳ ಹೆಸರಿಂದ ಕರೆಯುತ್ತೇವಲ್ಲ, ಆ ಪದಗಳ ಬಗ್ಗೆ ಒಂದು ಪ್ರಶ್ನೆ. ‘ನೀನು ಹುಲಿ ಕಣಯ್ಯ’ ಅಂದರೆ ಕೇಳಿದವನು ಮೀಸೆ ತಿರುವುತ್ತಾನೆ. ‘ನೀನು ತೋಳ’ ಅಂದರೆ ಹೊಡೆದಾಟಕ್ಕೆ ಬರುತ್ತಾನೆ. ಎರಡೂ ಕಾಡಿನವು, ಎರಡೂ ನಮ್ಮ ದನ-ಕುರಿ ತಿಂದವು. ಹಾಗಿದ್ದರೂ ಒಂದು ಹೊಗಳಿಕೆ ಆಯಿತು, ಇನ್ನೊಂದು ಬೈಗುಳ ಆಯಿತು. ಯಾಕೆ?

ನನಗೆ ತೋಚಿದ್ದು ಇಷ್ಟು. ಎದುರಿಗೆ ನಿಂತು ಹಾಯುವ ಪ್ರಾಣಿಯ ಹೆಸರನ್ನು ಕನ್ನಡ ಹೊಗಳಿಕೆಗೆ ಇಟ್ಟುಕೊಂಡಿದೆ. ಹೊಂಚು ಹಾಕುವ, ಕಚ್ಚಿ ಓಡಿಹೋಗುವ ಪ್ರಾಣಿಗಳ ಹೆಸರು ಬೈಗುಳಕ್ಕೆ ಹೋಗಿವೆ. ನರಿ, ತೋಳ, ಹಾವು, ಚೇಳು ಎಲ್ಲ ಆ ಕಡೆಯವು. ಇದಕ್ಕೆ ದೊಡ್ಡ ತಕರಾರು ಹುಲಿಯದ್ದೇ. ನಿಜವಾದ ಹುಲಿ ಹೊಂಚು ಹಾಕಿ ಹಿಂದಿನಿಂದಲೇ ಎರಗುತ್ತದೆ. ಸುಂದರಬನದಲ್ಲಿ ಕಾಡಿಗೆ ಹೋಗುವವರು ತಲೆಯ ಹಿಂಬದಿಗೆ ಮುಖವಾಡ ಕಟ್ಟಿಕೊಳ್ಳುತ್ತಿದ್ದುದು ಇದಕ್ಕೇ. ಆದರೆ ಮಾತಿನಲ್ಲಿ ಬರುವ ಹುಲಿಗೂ ಕಾಡಿನ ಹುಲಿಗೂ ಜಾಸ್ತಿ ಸಂಬಂಧ ಇಲ್ಲ. ಅದು ಎದೆಯುಬ್ಬಿಸಿ ಎದುರಿಗೆ ಬರುವ ಹುಲಿ, ನಮ್ಮ ಹುಲಿವೇಷದ ಹುಲಿಯ ಹಾಗೆ.

ನನಗೆ ಹೆಚ್ಚು ಇಷ್ಟವಾದ ಪದ ಟಗರು. ಟಗರಿನ ಕಾಳಗ ನೋಡಿದವರಿಗೆ ಗೊತ್ತು. ಅದು ಸುಮ್ನೆ ನುಗ್ಗುವುದಿಲ್ಲ. ಮೊದಲು ಹಿಂದಕ್ಕೆ ಹೋಗುತ್ತದೆ. ನಾಲ್ಕಾರು ಹೆಜ್ಜೆ ಸರಿದು, ತಲೆ ತಗ್ಗಿಸಿ, ಎದುರಿನದನ್ನು ದಿಟ್ಟಿಸುತ್ತದೆ. ಆಮೇಲೆ ಒಂದೇ ಓಟ, ಹಣೆಗೆ ಹಣೆ ಬಡಿದ ಸದ್ದು ದೂರಕ್ಕೆ ಕೇಳುತ್ತದೆ. ಮತ್ತೆ ಹಿಂದಕ್ಕೆ. ತಮಿಳಿನ ಹಳೆಯ ನೀತಿಗ್ರಂಥ ತಿರುಕ್ಕುರಳಿನ 486ನೇ ಕುರಳಿನಲ್ಲಿ ಇದೇ ಚಿತ್ರ ಇದೆ: ಗಟ್ಟಿ ಮನಸ್ಸಿನವನು ಸುಮ್ಮನಿರುವುದು ಕಾಳಗದ ಟಗರು ಗುದ್ದುವುದಕ್ಕೆಂದು ಹಿಂದೆ ಸರಿದ ಹಾಗೆ. ಅಲ್ಲಿ ಬಳಸಿರುವ ಪದವೂ ‘ತಗರ್’. ನಮ್ಮ ಹಳಗನ್ನಡದಲ್ಲೂ ಅದು ತಗರೇ. ಇನ್ನು ‘ಕುರಿ’ ನೋಡಿ. ಜಾತಿ ಒಂದೇ, ಹಟ್ಟಿ ಒಂದೇ. ಆದರೆ ಮನುಷ್ಯನನ್ನು ಕುರಿ ಅಂದರೆ ಪೆದ್ದ, ಕರೆದ ಕಡೆ ಹೋಗುವವನು. ಟಗರು ಅಂದರೆ ಯಾರಿಗೂ ಜಗ್ಗದವನು.

ದನದಲ್ಲೂ ಇದೇ ಆಟ. ಬೀಜ ಒಡೆಸಿ ನೊಗಕ್ಕೆ ಕಟ್ಟಿದರೆ ಎತ್ತು. ‘ಎತ್ತಿನ ಹಾಗೆ ದುಡೀತಾನೆ’ ಅಂತೀವಿ, ಅದರಲ್ಲಿ ಕನಿಕರ ಇದೆ, ಹೆದರಿಕೆ ಇಲ್ಲ. ಮನೆ ಮನೆ ಮುಂದೆ ತಲೆ ಆಡಿಸಿದರೆ ಕೋಲೆಬಸವ. ಅದು ಯಾರು ಏನು ಹೇಳಿದರೂ ಹೂಂ ಅನ್ನುವವನ ಹೆಸರು. ಮೂಗುದಾರ ಇಲ್ಲದೆ ಬಿಟ್ಟರೆ ಗೂಳಿ. ‘ಗೂಳಿ ನುಗ್ಗಿದಂಗೆ ನುಗ್ತಾನೆ’ ಅನ್ನುವಾಗ ಅರ್ಧ ಮೆಚ್ಚುಗೆ, ಅರ್ಧ ದೂರು. ಗುದ್ದುವ ಧೈರ್ಯ ಇದೆ, ಆದರೆ ಟಗರಿಗಿರುವ ಲೆಕ್ಕಾಚಾರ ಇಲ್ಲ. ಈ ಸಣ್ಣ ವ್ಯತ್ಯಾಸವನ್ನು ನಮ್ಮ ನಿಘಂಟುಗಳು ಹಿಡಿಯಬೇಕು. ‘ಗೂಳಿ: ಬೀಜದ ಹೋರಿ’ ಎಂದು ಬರೆದು ಕೈ ತೊಳೆದುಕೊಂಡರೆ ಸಾಲದು.

ಈ ಬಳಕೆ ಹೊಸದೇನಲ್ಲ. ಕ್ರಿ.ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ‘ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು ಬಿಟ್ಟವೋಲ್’ ಎಂಬ ಮಾತಿದೆ. ಕಟ್ಟಿಹಾಕಿದ ಸಿಂಹವನ್ನು, ನಮಗೇನು ಕೆಡುಕಾದೀತು ಎಂದು ಬಿಟ್ಟುಬಿಟ್ಟ ಹಾಗೆ, ಅವನನ್ನು ಕೆಣಕಿದ ಶತ್ರುಗಳು ಕೆಟ್ಟರು, ಸತ್ತರು. ನನ್ನ ಕಣ್ಣಿಗೆ ಬೀಳುವುದು ಅಲ್ಲಿಯ ‘ಕಟ್ಟಿದ’ ಎನ್ನುವುದು. ಸಿಂಹ ತಾನಾಗಿ ಯಾರ ಮೇಲೂ ಹೋಗಲಿಲ್ಲ, ತಪ್ಪು ಬಿಟ್ಟವರದ್ದು. ಕೆಣಕಿದರೆ ಮಾತ್ರ ಎರಗುವವನು ಎಂಬ ಹೊಗಳಿಕೆ ಅದು. (ಆ ವೀರನ ಹೆಸರಿನ ‘ಕಪ್ಪೆ’ ನೀರಿನ ಕಪ್ಪೆಯೇ ಎಂಬುದು ಬೇರೆ ದಿನದ ಚರ್ಚೆ.)

ಈಗ ಈ ಪದಗಳು ಜೋರಾಗಿ ಕೇಳುವುದು ರಾಜಕೀಯದಲ್ಲಿ. ಸಿದ್ದರಾಮಯ್ಯನವರನ್ನು ಅಭಿಮಾನಿಗಳು ಟಗರು ಅನ್ನುತ್ತಾರೆ, ಯಡಿಯೂರಪ್ಪನವರನ್ನು ರಾಜಾಹುಲಿ ಅನ್ನುತ್ತಾರೆ. 2019ರ ಉಪಚುನಾವಣೆ ಹೊತ್ತಿಗೆ ಕಾಗವಾಡದ ಕಡೆಯ ‘ಹೌದ್ದ ಹುಲಿಯಾ’ ನಾಡೆಲ್ಲ ಹರಡಿತು. ಅಲ್ಲಿ ಹುಲಿ ಎನಿಸಿಕೊಂಡವರೂ ಸಿದ್ದರಾಮಯ್ಯನವರೇ.

ಇನ್ನು ನನ್ನ ಮುಖ್ಯ ಪ್ರಶ್ನೆ. ಗಟ್ಟಿ ದನಿಯ, ಎದುರು ನಿಲ್ಲುವ ಹೆಂಗಸಿಗೆ ಯಾವ ಪ್ರಾಣಿಯ ಹೆಸರಿದೆ? ಬಜಾರಿ, ಘಟವಾಣಿ, ಗಂಡುಬೀರಿ, ಇವು ಯಾವುವೂ ಪ್ರಾಣಿಗಳಲ್ಲ, ಹೊಗಳಿಕೆಯಂತೂ ಅಲ್ಲವೇ ಅಲ್ಲ. ಮಾರಿ, ಚಂಡಿ ಅಂದರೆ ದೇವರ ಕಡೆಗೆ ಹೋದೆವು. ಗಂಡಸಿಗೆ ಕಾಡು ಮತ್ತು ಕೊಟ್ಟಿಗೆ, ಹೆಂಗಸಿಗೆ ಗುಡಿ. ‘ಹೆಣ್ಣುಹುಲಿ’ ಇದೆ ನಿಜ, ಆದರೆ ಅದು ಗಂಡಸಿನ ಪದಕ್ಕೆ ‘ಹೆಣ್ಣು’ ಅಂಟಿಸಿದ್ದು. ಹಸು ಸಾಧುವಾಯಿತು, ಎಮ್ಮೆ ಮಂದವಾಯಿತು. ಕರು ಹಾಕಿದ ಎಮ್ಮೆಯ ಹತ್ತಿರ ಹೋದವರಿಗೆ ಅದು ಎಷ್ಟು ಮಂದ ಅಂತ ಗೊತ್ತು, ಆದರೂ ಆ ಸಿಟ್ಟು ಪದಕ್ಕೆ ಬರಲೇ ಇಲ್ಲ.

ನಿಮ್ಮ ಕಡೆ ಹಾಗೆ ಹೆಂಗಸರನ್ನು ಮೆಚ್ಚಿ ಕರೆಯುವ ಪ್ರಾಣಿ ಹೆಸರು ಇದ್ದರೆ ದಯವಿಟ್ಟು ಬರೆಯಿರಿ. ಕುಂದಾಪುರ, ಹವ್ಯಕ, ಅರೆಭಾಷೆ, ಕಲಬುರಗಿ ಕಡೆಯವರಿಂದ ಮುಖ್ಯವಾಗಿ ಬೇಕು. ಪದ ಒಂದೇ ಸಾಲದು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಅಂದಿದ್ದು ಅಂತಲೂ ತಿಳಿಸಿ.