ಏರುವಾಗಿನ ಶಾಖ: ರೋಟರಿ ಎಂಜಿನ್ನಿನ ಎಣ್ಣೆಯನ್ನು ತಣಿಸುವುದು ಹೇಗೆ?

ಕಲಬುರಗಿ ಉಪನ್ಯಾಸಕ:
ಯಂತ್ರಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಮಗನ ಸಲುವಾಗಿ ಒಂದು ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ಅವನು ಅಮೆರಿಕದ ಅರಿಜೋನಾದಲ್ಲಿ ಆರು ವರ್ಷಗಳಿಂದ ತನ್ನ ಶೆಡ್ಡಿನಲ್ಲಿ ಎರಡು ಆಸನದ ವಿಮಾನವೊಂದನ್ನು ಕಟ್ಟುತ್ತಿದ್ದಾನೆ. ಕೆಲಸದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಮಾಡಿದ್ದರೆ ಅಂಥ ವಿಮಾನವನ್ನು ಪ್ರಾಯೋಗಿಕ ವರ್ಗದಲ್ಲಿ ನೋಂದಾಯಿಸಲು ಅಲ್ಲಿ ಅವಕಾಶವಿದೆ. ಎಂಜಿನ್ ಮಜ್ದಾ ಕಾರಿನ 13ಬಿ: ಪಿಸ್ಟನ್ ಬದಲು ಒಳಗೆ ತಿರುಗುವ ಎರಡು ತ್ರಿಕೋನ ರೋಟರ್, ಒಟ್ಟು 1308 ಸಿಸಿ, ಗೇರ್ ಪೆಟ್ಟಿಗೆಯ ಮೂಲಕ ಪ್ರೊಪೆಲರ್. 160 ಅಶ್ವಶಕ್ತಿ ಪಡೆಯುವುದು ಉದ್ದೇಶ. ಕಳೆದ ತಿಂಗಳು ನೆಲದ ಮೇಲೆ ಪೂರ್ಣ ಶಕ್ತಿಯಲ್ಲಿ ಓಡಿಸಿದಾಗ ನೀರು 94 ಡಿಗ್ರಿಯಲ್ಲಿ ನಿಂತರೂ ಎಣ್ಣೆ ನಾಲ್ಕೇ ನಿಮಿಷದಲ್ಲಿ 118 ಡಿಗ್ರಿ ಮುಟ್ಟಿತು. ಈಗ ಆಯಿಲ್ ಕೂಲರ್, ಅಂದರೆ ಎಣ್ಣೆಯನ್ನು ಗಾಳಿಯಿಂದ ತಣಿಸುವ ಸಣ್ಣ ರೇಡಿಯೇಟರ್, ನೀರಿನ ರೇಡಿಯೇಟರಿಗೆ ಗಾಳಿ ತರುವ ಡಕ್ಟಿನಲ್ಲೇ (ಗಾಳಿಯ ಕೊಳವೆಯಲ್ಲೇ) ಅದರ ಹಿಂದೆ ಕುಳಿತಿದೆ. ಕೂಲರಿಗೆ ಬೇರೆ ಡಕ್ಟ್ ಮಾಡುವುದು ಒಂದು ದಾರಿ. ಕೂಲರನ್ನೇ ತೆಗೆದು, ಎಣ್ಣೆಯ ಶಾಖವನ್ನು ನೀರಿಗೆ ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರ್ ಕೂರಿಸುವುದು ಇನ್ನೊಂದು. ಮಗನಿಗೂ ನನಗೂ ಎರಡನೆಯದೇ ಚೊಕ್ಕವಾಗಿ ಕಾಣುತ್ತದೆ. ಒಂದೇ ರೇಡಿಯೇಟರ್, ಕಡಿಮೆ ಪೈಪು, ಎಣ್ಣೆಯೂ ಬೇಗ ಬೆಚ್ಚಗಾಗುತ್ತದೆ. ಎಷ್ಟೋ ಲಾರಿ ಎಂಜಿನ್‌ಗಳಲ್ಲಿ ಕಾರ್ಖಾನೆಯವರೇ ಹೀಗೆ ಮಾಡಿದ್ದಾರೆ. ಇದರಲ್ಲಿ ತಪ್ಪೇನಾದರೂ ಇದೆಯೇ?

ಯಾದಗಿರಿ ಶಾಖಶಾಸ್ತ್ರ:
ಸರ್, ನಾನು ಶಾಖ ವರ್ಗಾವಣೆಯಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಪಿಸ್ಟನ್ ಎಂಜಿನ್ನಿನಲ್ಲಿ ಎಣ್ಣೆಗೆ ಮುಖ್ಯವಾಗಿ ಜಾರಿಸುವ ಕೆಲಸ, ತಣಿಸುವುದು ಅದಕ್ಕೆ ಉಪಕಸುಬು. 13ಬಿಯಲ್ಲಿ ಹಾಗಲ್ಲ. ರೋಟರಿನ ಒಳಗೆ ನೀರು ಹೋಗುವುದಿಲ್ಲ. ನಡುವಿನ ಶಾಫ್ಟಿನ ರಂಧ್ರಗಳಿಂದ ರೋಟರಿನ ಟೊಳ್ಳಿಗೆ ಚಿಮ್ಮುವ ಎಣ್ಣೆಯೇ ಅದರ ಶಾಖವನ್ನು ಹೊತ್ತು ತರಬೇಕು. ಆದ್ದರಿಂದ ತಂಪು ವ್ಯವಸ್ಥೆ ಹೊರಹಾಕಬೇಕಾದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯದು.

160 ಅಶ್ವಶಕ್ತಿಯೆಂದರೆ ಸುಮಾರು 120 ಕಿಲೋವ್ಯಾಟ್. ಪ್ರತಿ ಕಿಲೋವ್ಯಾಟ್ ಗಂಟೆಗೆ 300 ಗ್ರಾಂ ಪೆಟ್ರೋಲ್ ಎಂದು ಹಿಡಿದರೆ ಗಂಟೆಗೆ 36 ಕಿಲೋ ಉರಿಯುತ್ತದೆ, ಅದರಿಂದ 440 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಪ್ರೊಪೆಲರಿಗೆ ಹೋಗುವ 120ನ್ನು ಕಳೆದರೆ ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆದರೂ ನೀರು ಮತ್ತು ಎಣ್ಣೆಯ ಪಾಲಿಗೆ ಮತ್ತೆ ಸುಮಾರು 120 ಕಿಲೋವ್ಯಾಟ್ ಬರುತ್ತದೆಂದು ಅಂದಾಜಿಸಬಹುದು: ನೀರಿಗೆ 80, ಎಣ್ಣೆಗೆ 40. ಈ 40 ಕಿಲೋವ್ಯಾಟನ್ನು ರೇಡಿಯೇಟರಿನಿಂದ ಹೊರಬಂದು ಆಗಲೇ 65 ಅಥವಾ 70 ಡಿಗ್ರಿಗೆ ಕಾದ ಗಾಳಿಗೆ ಒಪ್ಪಿಸಿದರೆ ಅದು ಹೇಗೆ ತಾನೇ ಹೊತ್ತೊಯ್ದೀತು? ನಿಮ್ಮ ಮಗ ಕಂಡ 118ಕ್ಕೆ ಬಹುಶಃ ಇದೇ ಕಾರಣ.

ಬೀದರ್ ನಿವೃತ್ತ:
ವಾಯುಸೇನೆಯಲ್ಲಿ ವಿಮಾನಗಳ ನಿರ್ವಹಣೆ ಮಾಡಿ ಈಗ ಬೀದರಿನಲ್ಲಿ ನೆಲೆಸಿದ್ದೇನೆ. ಮೇಡಂ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ನೆಲದ ಮೇಲಿನ ಓಟದಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಾರದು. ನಿಂತ ವಿಮಾನದ ಡಕ್ಟಿಗೆ ಪ್ರೊಪೆಲರಿನ ಬುಡದಿಂದ ಸಿಗುವ ಗಾಳಿ ಅತ್ಯಲ್ಪ. ಪರೀಕ್ಷೆ ನಡೆಯಬೇಕಾದದ್ದು ಏರುವಾಗ, ಅಂದರೆ ಪೂರ್ಣ ಶಕ್ತಿ ಮತ್ತು ಕಡಿಮೆ ವೇಗ ಎರಡೂ ಒಟ್ಟಿಗೆ ಬಂದಾಗ.

ಉಪನ್ಯಾಸಕರೇ, ಎಕ್ಸ್‌ಚೇಂಜರ್ ಬಗ್ಗೆ ನನಗಿರುವ ಆಕ್ಷೇಪ ಶಾಖದ್ದಲ್ಲ. ಈಗ ನೀರು ಸೋರಿದರೆ ಎಣ್ಣೆಯಾದರೂ ತಣ್ಣಗಿರುತ್ತದೆ, ಶಕ್ತಿ ಇಳಿಸಿಕೊಂಡು ಹತ್ತಿರದ ಓಡುಹಾದಿಯನ್ನು ಹುಡುಕಲು ಕೆಲವು ನಿಮಿಷ ಸಿಗಬಹುದು. ನೀವು ಹೇಳುವ ವ್ಯವಸ್ಥೆಯಲ್ಲಿ ನೀರು ಹೋಯಿತೆಂದರೆ ಎಣ್ಣೆಯ ತಂಪೂ ಅದೇ ಕ್ಷಣ ಹೋಯಿತು. ಲಾರಿ ರಸ್ತೆಯ ಬದಿಗೆ ನಿಲ್ಲುತ್ತದೆ. ವಿಮಾನಕ್ಕೆ ಆ ಅನುಕೂಲವಿಲ್ಲ.

ರಿಂಗ್ ರೋಡ್ ರೇಡಿಯೇಟರ್:
ನಾನು ಕಲಬುರಗಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಲಾರಿ, ಟ್ರ್ಯಾಕ್ಟರ್‌ಗಳ ರೇಡಿಯೇಟರ್ ದುರಸ್ತಿ ಮಾಡುತ್ತಿದ್ದೇನೆ. ವಿಮಾನದ ವಿಷಯ ನನಗೆ ತಿಳಿಯದು. ಆದರೆ ಎಣ್ಣೆ ನೀರಿನ ಎಕ್ಸ್‌ಚೇಂಜರ್ ಒಳಗೊಳಗೇ ತೂತಾಗಿ ಬಂದ ಗಾಡಿಗಳನ್ನು ಪ್ರತಿ ವರ್ಷ ನೋಡುತ್ತೇನೆ. ಮುಚ್ಚಳ ತೆಗೆದರೆ ನೀರು ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ಹೊರಗೆ ಒಂದು ಹನಿಯೂ ಸೋರಿರುವುದಿಲ್ಲವಾದ್ದರಿಂದ ಚಾಲಕನಿಗೆ ಸುಳಿವೇ ಸಿಕ್ಕಿರುವುದಿಲ್ಲ. ನಮ್ಮ ಕಡೆ ಕೊಳವೆಬಾವಿಯ ಗಡಸು ನೀರು ಹಾಕಿದರೆ ಎರಡೇ ಬೇಸಿಗೆಯಲ್ಲಿ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಅದು ಪ್ಲೇಟುಗಳ ಸಣ್ಣ ಸಂದುಗಳಲ್ಲಿ ಕಟ್ಟಿದರಂತೂ ತೆಗೆಯುವುದೇ ಕಷ್ಟ. ಅಲ್ಲಿಯೂ ಬಟ್ಟಿ ಇಳಿಸಿದ ನೀರನ್ನೇ ಬಳಸಲು ಹೇಳಿರಿ, ಸರ್.

ಇನ್ನೊಂದು ಕೇಳಬೇಕಿತ್ತು. ರೇಡಿಯೇಟರಿಗೂ ಡಕ್ಟಿನ ಗೋಡೆಗೂ ನಡುವೆ ಸಂದು ಉಳಿದಿದೆಯೇ? ಒಂದು ಬೆರಳಿನಷ್ಟು ಸಂದು ಇದ್ದರೂ ಗಾಳಿ ರೇಡಿಯೇಟರಿನ ಫಿನ್ನುಗಳ (ತೆಳು ತಗಡುಗಳ) ನಡುವೆ ನುಸುಳದೆ ಅಲ್ಲಿಂದಲೇ ಪಾರಾಗುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ತುಂಬಿ ಫಿನ್ನು ಮುಚ್ಚಿದ ಟ್ರ್ಯಾಕ್ಟರಿನಲ್ಲಿ ಆಗುವುದೂ ಇದೇ.

ಕಲಬುರಗಿ ಉಪನ್ಯಾಸಕ:
ಮಗನನ್ನು ಕೇಳಿದೆ. ಮೂರು ಬದಿಗೆ ಸ್ಪಂಜಿನ ಪಟ್ಟಿ ಇದೆ, ಕೆಳಬದಿಯಲ್ಲಿ ಒಂದೂವರೆ ಸೆಂಟಿಮೀಟರ್ ಸಂದು ಹಾಗೆಯೇ ಉಳಿದಿದೆಯಂತೆ. ನಿಮಗೆ ಋಣಿ. ಮಜ್ಜಿಗೆಯ ಮಾತು ಮನಸ್ಸಿಗೆ ನಾಟಿತು. ಆದರೂ ಶಾಖದ ದೃಷ್ಟಿಯಿಂದ ಎಕ್ಸ್‌ಚೇಂಜರ್ ಸೋಲುತ್ತದೆಂದು ಇನ್ನೂ ಯಾರೂ ತೋರಿಸಿಲ್ಲ.

ಯಾದಗಿರಿ ಶಾಖಶಾಸ್ತ್ರ:
ತೋರಿಸುತ್ತೇನೆ ಸರ್. ಅರಿಜೋನಾದ ಬೇಸಿಗೆಯನ್ನು ನಮ್ಮ ಮೇ ತಿಂಗಳಿನ ಮಧ್ಯಾಹ್ನದಂತೆ 42 ಡಿಗ್ರಿ ಎಂದೇ ತೆಗೆದುಕೊಳ್ಳೋಣ. ನೀರು 90ರಲ್ಲಿದ್ದರೆ ಗಾಳಿಗೂ ನೀರಿಗೂ ಅಂತರ 48 ಡಿಗ್ರಿ. 15 ಡಿಗ್ರಿಯ ಹವೆಯಲ್ಲಿ ಇದೇ ಅಂತರ 75. ಎಂದರೆ ತಂಪು ದೇಶದಲ್ಲಿ ಸರಿಯಾಗಿ ನಡೆದ ರೇಡಿಯೇಟರ್, ಅಷ್ಟೇ ತೂಕದ ಗಾಳಿ ಹಾಯ್ದರೂ ಇಲ್ಲಿ ಮೂರನೆಯ ಎರಡು ಪಾಲಿಗಿಂತ ಕಡಿಮೆ ಶಾಖ ಬಿಡುತ್ತದೆ. ಜೊತೆಗೆ ಕಲಬುರಗಿಯಷ್ಟು ಎತ್ತರದಲ್ಲಿ, 42 ಡಿಗ್ರಿಯಲ್ಲಿ, ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋ ಮಾತ್ರ, ಪುಸ್ತಕದಲ್ಲಿ ಸಮುದ್ರಮಟ್ಟಕ್ಕೆ, 15 ಡಿಗ್ರಿಗೆ ಕೊಟ್ಟ 1.225ಕ್ಕಿಂತ ಶೇ. 13ರಷ್ಟು ಕಡಿಮೆ.

ಈಗ ಎಣ್ಣೆಯನ್ನು ನೋಡಿ. ಬೇರೆ ಕೂಲರ್ ಇದ್ದರೆ 100 ಡಿಗ್ರಿಯ ಎಣ್ಣೆಗೂ 42ರ ಗಾಳಿಗೂ 58 ಡಿಗ್ರಿ ಅಂತರ ಸಿಗುತ್ತದೆ, ಅದು ಪೂರ್ತಿ ನಮ್ಮದು. ಎಕ್ಸ್‌ಚೇಂಜರ್ ಹಾಕಿದರೆ ಎಣ್ಣೆ ಮೊದಲು 90ರ ನೀರಿಗೆ ಶಾಖ ಕೊಡಬೇಕು. ಅಲ್ಲಿ ಅಂತರ ಬರೀ 10. ಅದೇ ಶಾಖ ಆಮೇಲೆ 48ರ ಅಂತರದಲ್ಲಿ ಹೊರಗೆ ಹೋಗಬೇಕು, 80 ಕಿಲೋವ್ಯಾಟಿಗೆಂದು ಮಾಡಿದ ರೇಡಿಯೇಟರ್ 120 ಹೊರಬೇಕು. ಪ್ಲೇಟ್ ಎಕ್ಸ್‌ಚೇಂಜರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತಂಪು ಪ್ರದೇಶದಲ್ಲಾಗಿದ್ದರೆ ನಿಮ್ಮ ಪಕ್ಷವನ್ನೇ ವಹಿಸುತ್ತಿದ್ದೆ. ನಮ್ಮ ಬಿಸಿಲಿಗೆ ಅದು ಹೊಂದದು.

ಬೀದರ್ ನಿವೃತ್ತ:
ಎಣ್ಣೆಯ ಮಿತಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎಂಜಿನ್ನಿಗೆ ಮರಳುವ ಎಣ್ಣೆ 100 ಡಿಗ್ರಿಯ ಒಳಗಿರಬೇಕೆಂಬುದು ಇಂಥ ವಿಮಾನ ಕಟ್ಟುವವರು ಪಾಲಿಸುವ ರೂಢಿ, ಅದರ ಹಿಂದೆ ಕಾರಣವಿದೆ. ರೋಟರಿನ ಎಣ್ಣೆ ಸೀಲುಗಳ ಒಳಗೆ ರಬ್ಬರ್ ಉಂಗುರಗಳಿರುತ್ತವೆ, ಅತಿಯಾದ ಬಿಸಿಗೆ ಅವು ಗಡುಸಾಗಿ ಎಣ್ಣೆಯನ್ನು ದಹನದ ಕೋಣೆಗೆ ಬಿಡತೊಡಗುತ್ತವೆ. ನೀರಿನ ಬದಿಯಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ: ರೋಟರ್ ಹೌಸಿಂಗ್ ಅಲ್ಯೂಮಿನಿಯಂ, ಪಕ್ಕದ ಹೌಸಿಂಗ್ ಬೀಡುಕಬ್ಬಿಣ, ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಒಂದು ಸಲ ಮಿತಿಮೀರಿ ಕಾದರೆ ನಡುವಿನ ನೀರಿನ ಸೀಲು ಸೋತು ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ನಮ್ಮ ದೇಶವೂ ಈ ಎಂಜಿನ್ನಿಗೆ ಹೊರತಲ್ಲ. ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕಾಗಿ ದೇಶದಲ್ಲೇ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ (ರೋಟರಿ) ಎಂಜಿನ್ 2009ರಲ್ಲಿ ಕೋಲಾರದಲ್ಲಿ ಹಾರಿತು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಆ ಕೆಲಸದಲ್ಲಿತ್ತು ಎಂಬುದನ್ನು ನಮ್ಮ ಹುಡುಗರು ತಿಳಿದಿರಬೇಕು.

ನಿಮ್ಮ ಮಗನಿಗೆ ಎರಡು ಮಾಪಕಗಳನ್ನು ಹಾಕಲು ಹೇಳಿರಿ. ಕೂಲಂಟಿನ (ತಣಿಸುವ ನೀರಿನ) ಒತ್ತಡ ತೋರಿಸುವುದು ಒಂದು. ನೀರು ಸೋರಿಹೋದ ಮೇಲೆ ಉಷ್ಣತೆಯ ಸೆನ್ಸರ್ ಬರೀ ಆವಿಯಲ್ಲಿ ನಿಂತು ಸುಳ್ಳು ಹೇಳುತ್ತದೆ. ಒತ್ತಡ ಅದಕ್ಕಿಂತ ಮೊದಲೇ ಬೀಳುತ್ತದೆ. ಇನ್ನೊಂದು ಎಂಜಿನ್ನಿಗೆ ಮರಳುವ ಎಣ್ಣೆಯ ಉಷ್ಣತೆಯದು.

ರಿಂಗ್ ರೋಡ್ ರೇಡಿಯೇಟರ್:
ಅಮೆರಿಕದವರು ಕಾರಿನ ಎ.ಸಿ.ಯ ಇವಾಪರೇಟರನ್ನೇ (ಗಾಳಿಯನ್ನು ತಂಪು ಮಾಡುವ ಭಾಗವನ್ನೇ) ರೇಡಿಯೇಟರ್ ಮಾಡಿಕೊಳ್ಳುತ್ತಾರೆಂದು ಕೇಳಿ ಆಶ್ಚರ್ಯವಾಯಿತು. ಅದರ ದಾರಿಗಳು ಗ್ಯಾಸಿಗೆಂದು ಮಾಡಿದ ಸಣ್ಣ ದಾರಿಗಳು, ನೀರು ತಿಣುಕುವುದಿಲ್ಲವೇ?

ಯಾದಗಿರಿ ಶಾಖಶಾಸ್ತ್ರ:
ಒಂದೇ ಹಾಕಿದರೆ ತಿಣುಕುತ್ತದೆ, ಅದಕ್ಕೇ ಎರಡನ್ನು ಸಮಾನಾಂತರವಾಗಿ ಜೋಡಿಸುತ್ತಾರೆ. ಫ್ಯಾನಿನ ಬಲದಲ್ಲಿ ನಡೆಯುವ ಲಾರಿಗೆ ತೆಳುವಾದ ಅಗಲ ರೇಡಿಯೇಟರ್ ಒಳ್ಳೆಯದು. ವಿಮಾನದಲ್ಲಿ ವೇಗದಿಂದಲೇ ಒತ್ತಡ ಸಿಗುವುದರಿಂದ ದಪ್ಪ, ಕಿರಿದಾದ ಕೋರ್ (ರೇಡಿಯೇಟರಿನ ಫಿನ್ನುಗಳಿರುವ ಭಾಗ) ನಡೆಯುತ್ತದೆ, ಡಕ್ಟು ಬಾಯಿಯಿಂದ ಕೋರಿನವರೆಗೆ ನಿಧಾನವಾಗಿ ಅಗಲವಾಗಿದ್ದರೆ ಮಾತ್ರ.

ಆ ಒತ್ತಡವೆಷ್ಟು ಎಂದು ಅಳೆಯುವುದು ಸುಲಭ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಏರುವಾಗ ಸಿಗುವುದು ಸುಮಾರು 9 ಸೆಂಟಿಮೀಟರ್ ನೀರಿನ ಎತ್ತರದಷ್ಟು. 270ರಲ್ಲಿ ಸುಮಾರು 30. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯಲ್ಲಿ ಬಣ್ಣದ ನೀರು ಹಾಕಿ, ಒಂದು ತುದಿ ಕೋರಿನ ಮುಂದೆ, ಇನ್ನೊಂದು ಹಿಂದೆ ಇಟ್ಟರೆ 9ರಲ್ಲಿ ಎಷ್ಟು ನಿಜವಾಗಿ ಕೋರಿಗೆ ದಕ್ಕಿತೆಂದು ಕಣ್ಣಿಗೇ ಕಾಣುತ್ತದೆ. ಅಂತರ ಕಡಿಮೆ ಇದ್ದರೆ ಬಾಯಿಯನ್ನು ಕತ್ತರಿಸಿ ದೊಡ್ಡದು ಮಾಡುವ ಮೊದಲು ಹಿಂಬದಿಯ ದಾರಿ ಸಾಕಷ್ಟು ತೆರೆದಿದೆಯೇ ಎಂದು ನೋಡಲು ಹೇಳಿರಿ. ಬಿಸಿಯಾಗಿ ಹಿಗ್ಗಿದ ಗಾಳಿಗೆ ಒಳಬರುವಾಗ ಬೇಕಾದದ್ದಕ್ಕಿಂತ ಹೆಚ್ಚು ಜಾಗ ಬೇಕು.

ಕಲಬುರಗಿ ಉಪನ್ಯಾಸಕ:
ನಿನ್ನೆ ರಾತ್ರಿ ಮಗನೊಡನೆ ಎರಡು ಗಂಟೆ ಮಾತಾಡಿದೆ, ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಎಕ್ಸ್‌ಚೇಂಜರ್ ಯೋಚನೆಯನ್ನು ನಾವಿಬ್ಬರೂ ಬಿಟ್ಟಿದ್ದೇವೆ. ಆಯಿಲ್ ಕೂಲರಿಗೆ ಎಡಬದಿಯಲ್ಲಿ ಬೇರೆ ಬಾಯಿ, ಬೇರೆ ಡಕ್ಟ್. ಹಿಂಬದಿಯಲ್ಲಿ ಏರುವಾಗ ತೆರೆದು ಆಮೇಲೆ ಮುಚ್ಚುವ ಬಾಗಿಲು. ಕೆಳಬದಿಯ ಸಂದಿಗೆ ಸ್ಪಂಜು ಈಗಾಗಲೇ ಅಂಟಿಸಿದ್ದಾನೆ. ಎರಡೂ ಮಾಪಕಗಳು ಬರುವವರೆಗೆ ಎಂಜಿನ್ ಚಾಲೂ ಮಾಡುವುದಿಲ್ಲ ಎಂದಿದ್ದಾನೆ. ಮೊದಲ ಹಾರಾಟವನ್ನು ಜೂನ್ ಬದಲು ನವೆಂಬರಿನ ಬೆಳಗಿನ ತಂಪಿಗೆ ಮುಂದೂಡಲು ಒಪ್ಪಿದ. ಬಣ್ಣದ ನೀರಿನ ನಳಿಕೆಯ ಅಳತೆಗಳನ್ನು ಅಂದು ಅವನು ಕಳುಹಿಸಿದ ಕೂಡಲೇ ಇಲ್ಲಿ ಹಾಕುತ್ತೇನೆ, ಮೇಡಂ ಅವರು ದಯವಿಟ್ಟು ಪರಿಶೀಲಿಸಬೇಕು.