ಅಪ್‌ಡೇಟ್: ಬಾಸ್ ಮೀನಿಗೆ ಒಂದೇ ಗಾಳದ ರಾಡ್ ಸಾಕಾ ಅಂತ ಕೇಳಿದ್ದೆ, ಎರಡಾಯಿತು

ಟೆಕ್ಸಾಸ್‌ನ ಲೇಕ್ ಫೋರ್ಕ್ ಸರೋವರದಲ್ಲಿ ಕ್ರ್ಯಾಂಕ್‌ಬೇಟ್‌ಗೆ (ಸಣ್ಣ ಮೀನಿನಂತೆ ಕಾಣುವ ಗಟ್ಟಿ ಕೃತಕ ಆಮಿಷ) ಸಿಕ್ಕಿದ ಬಾಸ್ ಮೀನುಗಳೆಲ್ಲ ದೋಣಿ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತವೆ ಅಂತ ಹೋದ ತಿಂಗಳು ಬರೆದಿದ್ದೆ. ನೀವು ಹೇಳಿದ್ದೇ ಸರಿ, ರಾಡ್ ಹೊಂದುತ್ತಿರಲಿಲ್ಲ. ನನ್ನ 7 ಅಡಿಯ ಮೀಡಿಯಂ ಹೆವಿ (ಸ್ವಲ್ಪ ಗಟ್ಟಿ), ಫಾಸ್ಟ್ ಆಕ್ಷನ್ ರಾಡ್ ತುದಿಯಲ್ಲಿ ಮಾತ್ರ ಬಾಗುತ್ತದೆ. ಮೀನು ತಲೆ ಕೊಡವಿದರೆ ರಾಡ್ ಸಾಕಷ್ಟು ಬಾಗದೆ ಕ್ರ್ಯಾಂಕ್‌ಬೇಟ್‌ನ ಮೂರು ಮೊನೆಯ ಸಣ್ಣ ಕೊಕ್ಕೆ ಬಾಯಿಂದ ಕಿತ್ತು ಬರುತ್ತಿತ್ತು.

ಈಗ ಮಧ್ಯದವರೆಗೂ ಬಾಗುವ ಮಾಡರೇಟ್ ಆಕ್ಷನ್ ಫೈಬರ್‌ಗ್ಲಾಸ್ ರಾಡ್ ಕೊಂಡೆ. ಶನಿವಾರ ಐದು ಕಚ್ಚಿದವು, ಒಂದೂ ತಪ್ಪಲಿಲ್ಲ! ಎಷ್ಟು ಖುಷಿಯಾಯಿತು ಗೊತ್ತಾ?

ಹಳೆಯದನ್ನು ಸುಮ್ನೆ ಮೂಲೆಗೆ ಹಾಕಿಲ್ಲ. ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನೊಳಗೆ ಅಡಗಿಸಿ ಕಟ್ಟುವ ಟೆಕ್ಸಾಸ್ ರಿಗ್‌ಗೆ ಅದೇ ಬೇಕು. ಒಂಟಿ ದಪ್ಪ ಕೊಕ್ಕೆ ಹುಳುವನ್ನು ಸೀಳಿಕೊಂಡು ದವಡೆಗೆ ಇಳಿಯಬೇಕಲ್ವಾ, ಮೆತ್ತಗಿನ ರಾಡ್‌ಗೆ ಅಷ್ಟು ಬಲವಿಲ್ಲ. ತುಂಬಾ ಥ್ಯಾಂಕ್ಸ್. ಐದನ್ನೂ ವಾಪಸ್ ನೀರಿಗೆ ಬಿಟ್ಟೆ.